ಭಾವನ ಗಿಟಾರಿಗೆ ಕಿವಿ ಇಟ್ಟದ್ದು

ನಮ್ಮ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಸಂಜೆಯ ಮೇಲೆ ಮನೆಯವರೆಲ್ಲ ಸೇರುವುದು ಬಚ್ಚಲ ಒಲೆಯ ಮುಂದೆ. ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ, ಕೆಂಡದಲ್ಲಿ ಹಲಸಿನ ಬೇಳೆ ಸುಡುತ್ತಿರುತ್ತದೆ, ಕರೆಂಟು ಹೋಗಿರುತ್ತದೆ. ಆಗ ಯಾರಾದರೂ ಒಬ್ಬರು ಭಾವನ ಗಿಟಾರಿಗೆ ಪಿಕಪ್, ಅಂದರೆ ಅದರ ಸದ್ದನ್ನು ಬಾಕ್ಸಿಗೆ ಒಯ್ಯುವ ಸಾಧನ, ಹಾಕಿಸಿದ ಕಥೆ ತೆಗೆಯುತ್ತಾರೆ. ಅಕ್ಕ ಅವಳ ಪಾಲಿನದನ್ನು ಹೇಳುತ್ತಾಳೆ, ಭಾವ ನಡುನಡುವೆ ತಿದ್ದುತ್ತಾರೆ. ಮಕ್ಕಳಿಗೆ ಬೇಕಾದದ್ದು ಮಾತ್ರ ತೂತು ಕೊರೆದ ಭಾಗ. ಇಲ್ಲಿ ನಾನು ಮೊದಲಿನಿಂದ ಹೇಳುತ್ತೇನೆ. ಯಾಕೆಂದರೆ ತೂತಿಗಿಂತ ಮುಂಚೆ ನಡೆದ ಚರ್ಚೆಯೇ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಗಿಟಾರು ಭಾವನ ಅಣ್ಣನದು. ಅವರು ಅಮೆರಿಕದಲ್ಲಿ ಕೆಲಸಕ್ಕಿದ್ದಾಗ ಯಾರೋ ನುಡಿಸಿ ಬಿಟ್ಟದ್ದನ್ನು ಕೊಂಡು, ಊರಿಗೆ ಬಂದಾಗ ತಮ್ಮನ ಕೈಗೆ ಕೊಟ್ಟು ಹೋದದ್ದು. ಮಾರ್ಟಿನ್ ಡಿ-28. ಪೆನ್ಸಿಲ್ವೇನಿಯಾದ ನಜರೆತ್ ಊರಿನ ಕಾರ್ಖಾನೆಯಲ್ಲಿ 1970ರ ದಶಕದಲ್ಲಿ ತಯಾರಾದದ್ದು. ಮೇಲ್ಹಲಗೆ ಸ್ಪ್ರೂಸ್ ಮರದ್ದು, ಬೆನ್ನು ಮತ್ತು ಪಕ್ಕೆಗಳು ರೋಸ್‌ವುಡ್. ಈ ಮಾದರಿಗೆ ಮೊದಲು ಬಳಸುತ್ತಿದ್ದದ್ದು ಬ್ರೆಜಿಲ್‌ನ ರೋಸ್‌ವುಡ್. ಅಲ್ಲಿಂದ ದಿಮ್ಮಿ ಸಿಗುವುದು ಕಷ್ಟವಾದಾಗ, 1969ರ ಕೊನೆಯ ಹೊತ್ತಿಗೆ, ಕಂಪನಿ ಭಾರತದ ರೋಸ್‌ವುಡ್‌ಗೆ ಬಂತು. ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆಗೆ. ಹೀಗಾಗಿ ಘಟ್ಟದಿಂದ ಸಮುದ್ರ ದಾಟಿ ಹೋದ ಮರ ಗಿಟಾರಾಗಿ ಘಟ್ಟಕ್ಕೇ ಮರಳಿದೆ ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು. ಮೇಲ್ಹಲಗೆಯ ದುಂಡು ತೂತಿಗೆ, ಅಂದರೆ ಸೌಂಡ್‌ಹೋಲಿಗೆ, ಮೂಗು ಹಚ್ಚಿದರೆ ಒಳಗಿನ ಪಾಲಿಶ್ ಇಲ್ಲದ ಬೀಟೆಯ ಸಿಹಿ ವಾಸನೆ ಈಗಲೂ ಬರುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಮೇಲ್ಹಲಗೆ ಉಬ್ಬಿ ತಂತಿ ಮೇಲೇಳುತ್ತದೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು, ಒಲೆಯ ಕೋಣೆಯ ಪಕ್ಕದ ಒಣ ಕೋಣೆಯಲ್ಲಿ ಇಡುತ್ತಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬಾರದು, ಬಿಸಿಗೆ ಅಂಟು ಮೆತ್ತಗಾಗುತ್ತದೆ.

ಭಾವ ತೋಟ ನೋಡಿಕೊಂಡಿರುವವರು. ಸಾಗರ, ಶಿವಮೊಗ್ಗ, ಶಿರಸಿ ಕಡೆಯ ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ಜೊತೆ ನುಡಿಸಲು ಹೋಗುತ್ತಿದ್ದರು. ಆ ವರ್ಷ ಪೇಟೆಯ ಗಣಪತಿ ಪೆಂಡಾಲಿನಲ್ಲಿ ಕಾರ್ಯಕ್ರಮ. ಹಾಡುವವರಿಬ್ಬರು, ಹಾರ್ಮೋನಿಯಂ, ತಬಲಾ, ಕೀಬೋರ್ಡು, ಗಿಟಾರು. ಕೀಬೋರ್ಡಿನ ವೈರು ನೇರ ಮಿಕ್ಸರಿಗೆ ಹೋಯಿತು. ತಬಲಾಕ್ಕೆ ಎರಡು ಮೈಕು ಕೊಟ್ಟರು. ಉಳಿದ ಒಂದನ್ನು ಸ್ಟ್ಯಾಂಡಿನಲ್ಲಿ ಬಗ್ಗಿಸಿ ಗಿಟಾರಿನ ಸೌಂಡ್‌ಹೋಲ್ ಎದುರಿಗೆ ನಿಲ್ಲಿಸಿದರು. ಮೊದಲ ಹಾಡಿಗೇ ಬಾಕ್ಸುಗಳಿಂದ ‘ಗೂಂ’ ಎಂದು ಶುರುವಾಯಿತು. ಡ್ರೆಡ್‌ನಾಟ್ ಎಂಬ ಈ ದೊಡ್ಡ ಗಾತ್ರದ ಗಿಟಾರಿನ ಹೊಟ್ಟೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರ ಇರುತ್ತದೆ, ಸುಮಾರು 100 ಹರ್ಟ್ಸ್‌ನ ಆಸುಪಾಸು. ಆ ಗಾಳಿ ಒಳಹೊರಗೆ ಆಡುವುದು ಸೌಂಡ್‌ಹೋಲಿನಲ್ಲೇ. ಮೈಕು ಅದನ್ನು ಹಿಡಿಯುತ್ತದೆ, ಬಾಕ್ಸು ದೊಡ್ಡದು ಮಾಡುತ್ತದೆ, ಆ ಸದ್ದು ಮತ್ತೆ ಬಂದು ಅದೇ ಗಾಳಿಯನ್ನು ಅಲುಗಿಸುತ್ತದೆ. ಮೈಕ್‌ಸೆಟ್‌ನವರು ಮಾಡಬಹುದಾದದ್ದು ಒಂದೇ, ಗಿಟಾರಿನ ಮೈಕನ್ನು ಇಳಿಸಿದರು. ಇಳಿಸುತ್ತ ಇಳಿಸುತ್ತ ಅದು ಇಲ್ಲದಂತೆಯೇ ಆಯಿತು. ಚರಣಗಳ ನಡುವೆ ಭಾವ ಒಂದೊಂದೇ ತಂತಿ ಬಿಡಿಸಿ ನುಡಿಸುವ ಜಾಗ ಬಂದಾಗ ನಾನು ಮೂರನೇ ಸಾಲಿನಲ್ಲಿ ಕೂತು ಅವರ ಬೆರಳನ್ನು ನೋಡಿದೆನೇ ಹೊರತು ಸ್ವರ ಕೇಳಲಿಲ್ಲ.

ಮನೆಗೆ ಬರುವಾಗ ಜೀಪಿನಲ್ಲಿ ನಾನೇ ಮಾತು ತೆಗೆದೆ. “ಭಾವ, ಇದಕ್ಕೊಂದು ಪಿಕಪ್ ಹಾಕಿಸಿಬಿಡುವ.”

“ತೂತು ಕೊರೀಬೇಕು ಮಾರಾಯ,” ಎಂದರು. ಅಷ್ಟೇ. ಅವರ ಅಣ್ಣನ ಗಿಟಾರು. ಅಲ್ಲಿಯವರೆಗೆ ಅದಕ್ಕೆ ಯಾರೂ ಒಂದು ಮೊಳೆ ಕೂಡ ಹೊಡೆದಿರಲಿಲ್ಲ. ಹಳೆಯ ಗಿಟಾರುಗಳ ಬೆಲೆ ತಿಳಿದವರು ಇಂಥ ತೂತನ್ನು ಮೊದಲು ನೋಡುತ್ತಾರೆ ಎನ್ನುವುದೂ ಅವರಿಗೆ ಗೊತ್ತಿತ್ತು. ಬೆಲೆಯದಲ್ಲ ಅವರ ಚಿಂತೆ; ತನ್ನದಲ್ಲದ್ದಕ್ಕೆ ಕೈ ಹಾಕುವ ಹಿಂಜರಿಕೆ. ಅಮೆರಿಕಕ್ಕೆ ಫೋನು ಹೋಯಿತು. “ನುಡಿಸೋದು ನೀನು, ನಿನಗೆ ಕೇಳಿಸಬೇಕು, ಊರಿಗೆ ಕೇಳಿಸಬೇಕು. ಮಾಡಿಸು,” ಎಂದರಂತೆ ಅಣ್ಣ. ಅಲ್ಲಿಂದ ಶುರುವಾಯಿತು ಯಾವ ಪಿಕಪ್ ಎನ್ನುವ ಚರ್ಚೆ.

ತೂತೇ ಬೇಡದ ದಾರಿ ಒಂದಿತ್ತು. ಸೌಂಡ್‌ಹೋಲಿಗೆ ಅಡ್ಡಲಾಗಿ ಸಿಕ್ಕಿಸುವ ಅಯಸ್ಕಾಂತದ ಪಿಕಪ್. ಎಲೆಕ್ಟ್ರಿಕ್ ಗಿಟಾರಿನದೇ ತತ್ವ: ಅಯಸ್ಕಾಂತದ ಸುತ್ತ ತಂತಿಯ ಸುರುಳಿ, ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು. ಅಕೂಸ್ಟಿಕ್ ಗಿಟಾರಿಗೆ ಇದನ್ನು ಹಚ್ಚುವುದು ಹಳೆಯ ಕ್ರಮ. ಗಿಬ್ಸನ್ ಕಂಪನಿ 1954ರಲ್ಲೇ ಜೆ-160ಇ ಎಂಬ ಗಿಟಾರಿಗೆ ಇಂಥದ್ದನ್ನು ಕೂರಿಸಿ ಮಾರಿತ್ತು. 1962ರಲ್ಲಿ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಅದನ್ನೇ ಕೊಂಡದ್ದು. ಈ ಬಗೆಯ ಪಿಕಪ್ ಬೇಗ ಕೂಗುವುದಿಲ್ಲ, ತಬಲಾ ಡ್ರಮ್ಮುಗಳ ನಡುವೆಯೂ ನಿಲ್ಲುತ್ತದೆ. ಶಿವಮೊಗ್ಗದ ಒಬ್ಬ ಗೆಳೆಯರ ಗಿಟಾರಿನಲ್ಲಿ ಇತ್ತು, ತಂದು ಸಿಕ್ಕಿಸಿ ನೋಡಿದೆವು. ಕೇಳಿದ ತಕ್ಷಣ ಭಾವನ ಮುಖ ಸಣ್ಣದಾಯಿತು. ಕಂಚು ಸುತ್ತಿದ ದಪ್ಪ ತಂತಿಗಳಲ್ಲಿ ಅಯಸ್ಕಾಂತಕ್ಕೆ ಕಾಣುವುದು ಒಳಗಿನ ಉಕ್ಕಿನ ಎಳೆ ಮಾತ್ರ. ಸುತ್ತಿಲ್ಲದ ತೆಳು ತಂತಿಗಳು ಪೂರ್ತಿ ಉಕ್ಕು. ಆದ್ದರಿಂದ ಎರಡನೇ ತಂತಿ ಎದ್ದು ಕೂಗಿತು. ಟ್ಯೂಬ್‌ಲೈಟು ಹಾಕಿದರೆ ಗುಂಯ್ ಎನ್ನುವ ಸದ್ದು ಬೇರೆ. ಭಾವನ ಆಕ್ಷೇಪ ಮಾತ್ರ ಇದ್ಯಾವುದೂ ಅಲ್ಲ. ಮೇಲ್ಹಲಗೆಯನ್ನು ಬೆರಳಿನಿಂದ ತಟ್ಟಿದರು, ಬಾಕ್ಸಿನಲ್ಲಿ ಹೆಚ್ಚೇನೂ ಬರಲಿಲ್ಲ. “ಇದು ತಂತಿಯನ್ನು ಮಾತ್ರ ಕೇಳ್ತದೆ. ಮರ ಎಲ್ಲಿ ಹೋಯ್ತು? ಹೀಗಾದ್ರೆ ಬೀಟೆ ಯಾಕೆ ಬೇಕಿತ್ತು?”

ಆ ಪ್ರಶ್ನೆ ನಮ್ಮ ಚರ್ಚೆಯನ್ನು ಪೂರ್ತಿ ತಿರುಗಿಸಿತು. ಅಲ್ಲಿಯವರೆಗೆ ಯಾವುದು ಒಳ್ಳೆಯ ಪಿಕಪ್ ಎಂದು ಕೇಳುತ್ತಿದ್ದೆವು. ಇನ್ನು ಮುಂದೆ ಕೇಳಿದ್ದು, ಗಿಟಾರಿನ ಯಾವ ಜಾಗಕ್ಕೆ ಕಿವಿ ಇಡಬೇಕು ಎಂದು. ತಂತಿಗೆ ಇಡಬಹುದು, ತಂತಿ ಕೂತ ಸ್ಯಾಡಲಿಗೆ ಇಡಬಹುದು, ಅಲುಗುವ ಹಲಗೆಗೆ ಇಡಬಹುದು, ಒಳಗಿನ ಗಾಳಿಗೆ ಇಡಬಹುದು. ಪ್ರತಿ ಜಾಗದಲ್ಲೂ ಕೇಳುವುದು ಬೇರೆ ಬೇರೆ ಗಿಟಾರು.

ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರುವುದು ಸ್ಯಾಡಲಿನ ಕೆಳಗೆ ಕೂರುವ ತೆಳು ಪಟ್ಟಿ. ಅಂಗಡಿಯಲ್ಲಿ ಪಿಕಪ್ ಸಮೇತ ಸಿಗುವ ಗಿಟಾರುಗಳಲ್ಲಿ ಬಹಳಷ್ಟಕ್ಕೆ ಇರುವುದು ಇದೇ. ಇದರ ಮೂಲ 1880ರಲ್ಲಿದೆ. ಪ್ಯಾರಿಸ್‌ನಲ್ಲಿ ಜ್ಯಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದರು. ಅವರು ಪರೀಕ್ಷಿಸಿದ ಹರಳುಗಳಲ್ಲಿ ಕಬ್ಬಿನ ಸಕ್ಕರೆಯೂ ಒಂದು; ಇದನ್ನು ಹೇಳಿದಾಗಲೆಲ್ಲ ಮಕ್ಕಳು ಸಕ್ಕರೆ ಡಬ್ಬಿ ತರುತ್ತಾರೆ. ಪೀಜೋ ಎನ್ನುವುದು ಈ ಗುಣಕ್ಕೇ. ಅಮೆರಿಕದಲ್ಲಿ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ 1960ರ ದಶಕದಲ್ಲಿ ಓವೇಶನ್ ಎಂಬ ದುಂಡುಬೆನ್ನಿನ ಗಿಟಾರು ತಂದರು. ಸ್ಯಾಡಲಿನಡಿ ಪೀಜೋ ಕೂರಿಸುವ ಕ್ರಮ ವೇದಿಕೆಯವರಲ್ಲಿ ಹರಡಿದ್ದರಲ್ಲಿ ಆ ಗಿಟಾರಿನ ಪಾಲು ದೊಡ್ಡದು.

ಈ ಪಟ್ಟಿಯ ಗುಣವೂ ದೋಷವೂ ಒಂದೇ ಕಡೆಯಿಂದ ಬರುತ್ತದೆ. ಅದು ತಂತಿಯ ಒತ್ತಡವನ್ನು ಅತಿ ಹತ್ತಿರದಿಂದ ಅಳೆಯುತ್ತದೆ. ಹೀಗಾಗಿ ಸ್ಪಷ್ಟ, ಚುರುಕು. ದೊಡ್ಡ ಬಾಕ್ಸುಗಳ ಎದುರು ಧೈರ್ಯವಾಗಿ ಏರಿಸಬಹುದು. ಆದರೆ ಜೋರಾಗಿ ಮೀಟಿದಾಗ ಸ್ವರದ ಮೊದಲ ತುದಿ ಕಟಕಟ ಎಂದು ಒಡೆದು ಬರುತ್ತದೆ, ಮರದ ಮೈ ತುಂಬಿ ಬರುವ ಮೊದಲೇ. ಹಾಕುವ ಕೆಲಸವೂ ನಾಜೂಕು. ಸ್ಯಾಡಲ್ ಕೂರುವ ತೋಡಿನ ತಳ ಸಮತಟ್ಟಾಗಿರಬೇಕು, ಎಲುಬಿನ ಸ್ಯಾಡಲಿನ ತಳವೂ ಸಮತಟ್ಟಾಗಿರಬೇಕು, ಪಟ್ಟಿ ಎಷ್ಟು ದಪ್ಪವೋ ಅಷ್ಟನ್ನು ಸ್ಯಾಡಲಿನ ಅಡಿಯಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ತಂತಿ ಮೇಲಕ್ಕೆ ಹೋಗುತ್ತದೆ. ಎಲ್ಲೋ ಒಂದು ಕಡೆ ಕೂದಲೆಳೆ ಸಂದು ಉಳಿದರೆ ಆ ತಂತಿ ಮಂಕಾಗಿ ಪಕ್ಕದ್ದು ಕಿರಿಚುತ್ತದೆ. ಮಳೆಗಾಲಕ್ಕೊಮ್ಮೆ ಉಬ್ಬಿ ಬೇಸಿಗೆಗೊಮ್ಮೆ ಇಳಿಯುವ ನಮ್ಮ ಊರಿನ ಮರದಲ್ಲಿ ಆ ಸಮತಟ್ಟು ಎಷ್ಟು ಕಾಲ ನಿಂತೀತು ಎಂದು ನನಗೆ ಅನುಮಾನವಿತ್ತು. ತೋಡಿನ ಮೂಲೆಯಲ್ಲಿ ವೈರಿಗೊಂದು ತೂತು, ಕೆಳಗೆ ಹೊರಗಿನ ವೈರು ಸಿಕ್ಕಿಸುವ ಜಾಕಿಗೊಂದು ತೂತು, ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ. ಮೂರೂ ಭಾವನಿಗೆ ಒಗ್ಗಲಿಲ್ಲ. ಒಳಗೆ ಸಣ್ಣ ಮೈಕು ಇಡುವುದು ಇನ್ನೊಂದು ದಾರಿ. ಅದು ಗಾಳಿಗೆ ಕಿವಿ ಇಡುವುದು. ಪೆಂಡಾಲಿನಲ್ಲಿ ಕೂಗಿದ್ದು ಆ ಗಾಳಿಯೇ ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆವು.

ಉಳಿದದ್ದು ಹಲಗೆ. ಆ ದಾರಿ ತೋರಿಸಿದವರು ಭಾವನ ಚಿಕ್ಕಮ್ಮ. ಅವರು ವೀಣೆ ಪಾಠ ಹೇಳುವವರು. ವೀಣೆಯದು ಇಂಪಾದ ಆದರೆ ಸಣ್ಣ ಸದ್ದು, ಸಭೆಗೆ ಸಾಲದು. ಹಾಗಾಗಿ ವೈಣಿಕರು ಕಾಂಟ್ಯಾಕ್ಟ್ ಮೈಕು ಅಂಟಿಸಿಕೊಂಡು ನುಡಿಸುವುದು ನಮ್ಮಲ್ಲಿ ದಶಕಗಳ ರೂಢಿ. ಅದು ಗಾಳಿಯ ಸದ್ದು ಕೇಳುವುದಿಲ್ಲ, ಅಂಟಿದ ಮರದ ಅಲುಗಾಟವನ್ನೇ ಕೇಳುತ್ತದೆ. ನಮ್ಮ ಚರ್ಚೆಯನ್ನು ಕವಳದ ತಟ್ಟೆ ಎದುರಿಟ್ಟುಕೊಂಡು ಕೇಳುತ್ತಿದ್ದ ಚಿಕ್ಕಮ್ಮ, “ತಮ್ಮಾ, ಕಾಗದದ ಮೇಲೆ ಎಷ್ಟು ಹೊತ್ತು ಆರಿಸ್ತೀರಿ? ಅಂಟಿಸಿ ಕೇಳಿ,” ಎಂದರು. ತಮ್ಮ ಕಾಂಟ್ಯಾಕ್ಟ್ ಮೈಕು, ಅದರ ಪುಟ್ಟ ಪೆಟ್ಟಿಗೆ, ವೀಣೆಯ ಮೆಟ್ಟಿಲು ಕೂರಿಸಲು ಇಟ್ಟಿದ್ದ ಮೇಣದ ಉಂಡೆ, ಮೂರನ್ನೂ ತಂದರು.

ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಜಗುಲಿಯಲ್ಲಿ ಭಾವ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುವುದು. ಚಿಕ್ಕಮ್ಮ ಮೇಣವನ್ನು ಬೆರಳಿನಲ್ಲಿ ಮೆದು ಮಾಡಿ ಗಿಟಾರಿನ ಮೇಲ್ಹಲಗೆಯ ಒಂದೊಂದು ಜಾಗಕ್ಕೆ ಮೈಕು ಒತ್ತುವುದು. ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೆಡ್‌ಫೋನಿನಲ್ಲಿ ಕೇಳಿ, ಎಲ್ಲಿ ಅಂಟಿಸಿದ್ದಾರೆಂದು ಗೊತ್ತಿಲ್ಲದೆಯೇ ಅಭಿಪ್ರಾಯ ಹೇಳುವುದು. ಸ್ಯಾಡಲನ್ನು ಹೊತ್ತ ಬ್ರಿಜ್‌ನಿಂದ ದೂರ, ಅಗಲದ ಹೊಟ್ಟೆಯ ಕಡೆಗೆ ಹೋದಂತೆ ಸದ್ದು ದಪ್ಪಗಾಗಿ ಒಂದು ಸ್ವರ ಉಬ್ಬಿ ಇನ್ನೊಂದು ಮುಳುಗುತ್ತಿತ್ತು. ಸೌಂಡ್‌ಹೋಲಿನ ಅಂಚಿಗೆ ಬಂದರೆ ಟೊಳ್ಳು. ಬ್ರಿಜ್‌ನ ಮಂದ್ರದ ಬದಿಗೆ ಒತ್ತಿದಾಗ ತುಂಬು, ಆದರೆ ತೆಳು ತಂತಿಗಳು ದೂರ. ತಾರದ ಬದಿಗೆ ಒತ್ತಿದಾಗ ಬೆಳಕು ಬಂತು, ತಳ ಹೋಯಿತು. ಒಂದೇ ಹಲಗೆ, ನಾಲ್ಕು ಬೆರಳು ಅತ್ತಿತ್ತ ಸರಿದರೆ ಬೇರೆಯದೇ ವಾದ್ಯ. ಗಿಟಾರಿನ ಬಗ್ಗೆ ನಾನು ಓದಿದ್ದೆಲ್ಲಕ್ಕಿಂತ ಹೆಚ್ಚು ಆ ಹೊತ್ತಿನಲ್ಲಿ ಕಲಿತೆ. ಪಿಕಪ್ ಕೊಳ್ಳುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ: ಒಂದು ಕಾಂಟ್ಯಾಕ್ಟ್ ಮೈಕು, ಸ್ವಲ್ಪ ಮೇಣ, ಒಬ್ಬ ಗೆಳೆಯ. ಮೊದಲು ನಿಮ್ಮ ಗಿಟಾರು ಎಲ್ಲಿ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳಿ.

ಎರಡೂ ಬದಿಯ ಗುಣ ಬೇಕು, ಒಂದು ಮೈಕು ಸಾಲದು ಎಂದು ನಮಗೆ ಆ ದಿನವೇ ಸ್ಪಷ್ಟವಾಯಿತು. ಹೀಗೆ ನಾವು ಬಂದು ನಿಂತದ್ದು ಮೂರು ಪೀಜೋ ಬಿಲ್ಲೆಗಳ ಪಿಕಪ್‌ಗೆ. ಒಂದೊಂದು ಬಿಲ್ಲೆ ಸುಮಾರು 12 ಮಿಲಿಮೀಟರ್ ಅಗಲ. ಬ್ರಿಜ್‌ನ ನೇರ ಕೆಳಗೆ, ಗಿಟಾರಿನ ಒಳಮೈಯಲ್ಲಿ, ತಂತಿಗಳ ಗುಂಡು ತಡೆದು ಹಿಡಿಯುವ ಒಂದು ಮರದ ಪಟ್ಟಿ ಇರುತ್ತದೆ, ಬ್ರಿಜ್ ಪ್ಲೇಟ್. ಬಿಲ್ಲೆಗಳು ಅದಕ್ಕೆ ಅಂಟುತ್ತವೆ, ಮಂದ್ರಕ್ಕೊಂದು, ನಡುವಿಗೊಂದು, ತಾರಕ್ಕೊಂದು. ಮೂರರ ಸದ್ದೂ ಬೆರೆತು ಒಂದೇ ವೈರಿನಲ್ಲಿ ಹೊರಗೆ. ಒಳಗೆ ಬ್ಯಾಟರಿ ಇಲ್ಲ, ಸ್ಯಾಡಲ್ ಮುಟ್ಟುವ ಹಾಗಿಲ್ಲ. ತೂತು ಬೇಕಾದದ್ದು ಜಾಕಿಗೆ ಮಾತ್ರ. ದೊಡ್ಡ ಸದ್ದಿನ ವೇದಿಕೆಯಲ್ಲಿ ಇದು ಸ್ಯಾಡಲಿನ ಪಟ್ಟಿಗಿಂತ ಬೇಗ ಕೂಗುತ್ತದೆ ಎನ್ನುವುದು ಗೊತ್ತಿತ್ತು. ಭಾವಗೀತೆಯ ವೇದಿಕೆ ಅಷ್ಟು ದೊಡ್ಡ ಸದ್ದಿನದಲ್ಲ ಎನ್ನುವುದೂ ಗೊತ್ತಿತ್ತು. ಭಾವನ ಅಣ್ಣನ ಮಗ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದ.

ಹಾಕುವವರು ಯಾರು? ಸಾಗರ, ಸೊರಬದ ಕಡೆ ಗುಡಿಗಾರರಿದ್ದಾರೆ. ಗಂಧದ ಕೆತ್ತನೆಗೆ ತಲೆತಲಾಂತರದಿಂದ ಹೆಸರಾದವರು. ಭಾವನಿಗೆ ಪರಿಚಯದ ಒಬ್ಬ ಹಿರಿಯ ಗುಡಿಗಾರರಿದ್ದರು. ಗಿಟಾರಿನ ಕೆಲಸ ಅವರು ಮಾಡಿದವರಲ್ಲ. ಆದರೆ ಅಕ್ಕಿಕಾಳಿನ ಗಾತ್ರದ ಬಳ್ಳಿ ಕೆತ್ತುವ ಕೈಗೆ ಮರದ ಕೆಲಸ ಒಪ್ಪಿಸಲು ಭಾವ ಎರಡು ಸಲ ಯೋಚಿಸಲಿಲ್ಲ. ಮಳೆ ಹನಿ ಕಡಿಯದ ಒಂದು ಸಂಜೆ ಅವರು ಸ್ಕೂಟರಿನಲ್ಲಿ ಬಂದರು. ಉಳಿಗಳ ಸುರುಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದರು.

ಮೊದಲು ಗಿಟಾರನ್ನು ಮಡಿಲಲ್ಲಿಟ್ಟು ಬಹಳ ಹೊತ್ತು ನೋಡಿದರು. ಹಿಂಬದಿಯ ಹಲಗೆಯ ಎಳೆಗಳನ್ನು ಉಗುರಿನಿಂದ ಸವರಿ, “ಬೀಟೆ,” ಎಂದರು. ನಾವು ಹೇಳಿರಲಿಲ್ಲ. ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆದೆವು. ಎಲ್ಲ ಸೇರಿ 70 ಕಿಲೋಗೂ ಹೆಚ್ಚು ಎಳೆತ ಅವುಗಳಲ್ಲಿರುತ್ತದೆ, ಒಮ್ಮೆಲೇ ಬಿಡಬಾರದು. ದುಂಡು ಕನ್ನಡಿಯನ್ನು ಸೌಂಡ್‌ಹೋಲಿನಿಂದ ಒಳಗಿಳಿಸಿ ಮೊಬೈಲ್ ಟಾರ್ಚ್ ಬಿಟ್ಟಾಗ ಒಳಗಿನ ಛಾವಣಿ ಕಂಡಿತು: ಅಡ್ಡಡ್ಡ ಹಾಯುವ ತೊಲೆಗಳು, ನಡುವೆ ಕಪ್ಪುಗಂದು ಪಟ್ಟಿ, ಅದರಲ್ಲಿ ಆರು ತೂತು. “ಇದೂ ಬೀಟೆಯೇ,” ಎಂದರು ಗುಡಿಗಾರರು. ಹೌದು, ಆ ಕಾಲದ ಮಾರ್ಟಿನ್‌ಗಳಲ್ಲಿ ಈ ಪಟ್ಟಿಯನ್ನೂ ರೋಸ್‌ವುಡ್‌ನಿಂದಲೇ, ಅಗಲವಾಗಿ ಮಾಡುತ್ತಿದ್ದರು. ಅದಕ್ಕೆ ಹಿಂದೆಯೂ ಮುಂದೆಯೂ ಮೇಪಲ್. ಬಿಲ್ಲೆ ಅಂಟಿಸಲು ನಮಗೆ ಬೇಕಾದಷ್ಟು ಜಾಗ ಸಿಕ್ಕಿತು.

ತೂತಿನ ಮಾತು ಬಂದಾಗ ಭಾವ ಮತ್ತೆ ಬಿಗಿಯಾದರು. ಗುಡಿಗಾರರು ಗಿಟಾರನ್ನು ತಿರುಗಿಸಿ, ತಳದಲ್ಲಿ ಬೆಲ್ಟು ಸಿಕ್ಕಿಸುವ ಗುಬ್ಬಿಯನ್ನು ಹಿಡಿದು ಮೆಲ್ಲಗೆ ತಿರುಚಿ ಎಳೆದರು. ಅದು ಕಳಚಿ ಕೈಗೆ ಬಂತು. “ತೂತು ಆಗಲೇ ಉಂಟಲ್ಲ ಮಾರಾಯ್ರೆ. ಕೊರೆಯೋದು ಎಂಥದ್ದು? ಸ್ವಲ್ಪ ಅಗಲ ಮಾಡಿದ್ರೆ ಆಯ್ತು.” ಜಾಕಿಗೆ ಬೇಕಾದದ್ದು 12 ಮಿಲಿಮೀಟರ್. ಇದ್ದ ತೂತಿಗೆ ಕೆಲವೇ ಮಿಲಿಮೀಟರ್ ಸೇರಿಸಬೇಕಿತ್ತು. ಅಷ್ಟು ದಿನದ ನಮ್ಮ ಗಂಟು ಒಂದು ತಿರುಚಿಗೆ ಬಿಚ್ಚಿಕೊಂಡಿತು. ಆದರೂ ಭಾವ ಆ ಕೆಲಸ ನೋಡಲಾರದೆ ಎದ್ದು ಅಂಗಳದ ಕಡೆಗೆ ಹೋದರು.

ಕರೆಂಟಿನ ಡ್ರಿಲ್ಲು ಬೇಡ ಎಂದರು ಗುಡಿಗಾರರು. ದೊಡ್ಡ ಬಿಟ್ಟು ಹಳೆಯ ತೂತಿನ ಅಂಚನ್ನು ಕಚ್ಚಿದರೆ ಪಾಲಿಶ್ ಸಿಪ್ಪೆಯಾಗಿ ಏಳುತ್ತದೆ, ಕೆಲವೊಮ್ಮೆ ಮರವೇ ಸೀಳುತ್ತದೆ. ತೂತಿನ ಸುತ್ತ ಪೇಂಟರುಗಳು ಬಳಸುವ ಕಾಗದದ ಟೇಪು ಅಂಟಿಸಿದರು. ಕೈಯಲ್ಲಿ ತಿರುಗಿಸುವ ಮೊನಚು ರೀಮರನ್ನು ತೂತಿಗೆ ಇಟ್ಟು, ಎರಡು ಸುತ್ತು ತಿರುಗಿಸುವುದು, ಹೊರಗೆ ತೆಗೆದು ಪುಡಿ ಊದುವುದು, ಜಾಕು ಹಿಡಿದು ಅಳೆಯುವುದು. ಹೊರಗಿನ ಪಟ್ಟಿ ದಾಟಿದ ಮೇಲೆ ತಿಳಿಗೆಂಪು ಪುಡಿ ಬರತೊಡಗಿತು; ಒಳಗಿನ ದಿಂಡು ಮಹಾಗನಿ. ರೀಮರು ಓರೆಯಾಗಿ ಕೊರೆಯುವುದರಿಂದ ಒಳಬದಿ ಇಕ್ಕಟ್ಟಾಗಿಯೇ ಉಳಿಯುತ್ತದೆ; ಅದನ್ನು ದುಂಡು ಅರದಿಂದ ನೇರ ಮಾಡಿದರು. ಕೊನೆಗೆ ಜಾಕು ಅಲುಗದೆ, ಒತ್ತದೆ ಒಳಗೆ ಹೋಗಿ ಕೂತಾಗ ಅವರು ನನ್ನ ಕಡೆ ನೋಡಿ ತಲೆ ಆಡಿಸಿದರು. ಟೇಪು ಬಿಚ್ಚಿದರೆ ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ.

ಬಿಲ್ಲೆ ಅಂಟಿಸುವುದು ಅಕ್ಕನ ಪಾಲಿಗೆ ಬಂತು. ಸೌಂಡ್‌ಹೋಲಿನ ಅಗಲ 10 ಸೆಂಟಿಮೀಟರ್. ಭಾವನ ಕೈ, ನನ್ನ ಕೈ, ಗುಡಿಗಾರರ ಕೈ, ಯಾವುದೂ ಒಳಗೆ ಹೋಗಿ ತೊಲೆಗಳ ನಡುವೆ ಹಿಂದಕ್ಕೆ ಮಡಿಸಿ ಬ್ರಿಜ್‌ನ ಅಡಿ ಮುಟ್ಟುವಂತಿರಲಿಲ್ಲ. ಅಕ್ಕ ಬಳೆ ತೆಗೆದಿಟ್ಟು ಬಂದಳು. ಗುಡಿಗಾರರು ಮೊದಲು ನಯವಾದ ಉಪ್ಪುಕಾಗದದಿಂದ ಪಟ್ಟಿಯನ್ನು ಎರಡು ಸಲ ಉಜ್ಜಿಸಿದರು. ಆಮೇಲೆ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಸಿದರು. “ಬೀಟೆಯಲ್ಲಿ ಎಣ್ಣೆ ಜಾಸ್ತಿ ಅಮ್ಮ, ಒರೆಸದೆ ಅಂಟಿಸಿದ್ರೆ ಇವತ್ತು ಹಿಡೀತದೆ, ನಾಳೆ ಬಿಡ್ತದೆ.” ಇದು ಯಾವ ಕೈಪಿಡಿಯಿಂದಲೂ ಬಂದದ್ದಲ್ಲ; ಜೀವಮಾನವಿಡೀ ಮರದ ಜೊತೆ ಇದ್ದವರ ಮಾತು.

ಅಂಟು ಸೂಪರ್‌ಗ್ಲೂ, ಹರಿಯದಂತೆ ಜೆಲ್ ರೂಪದ್ದು. ಈ ಅಂಟು ಗಟ್ಟಿಯಾಗುವುದು ತೇವದಿಂದ. ಗಾಳಿಯಲ್ಲಿ, ಮರದಲ್ಲಿ ಇರುವ ನೀರಿನಂಶವೇ ಅದನ್ನು ಹಿಡಿಸುತ್ತದೆ. ಆಷಾಢದ ಸಾಗರದಲ್ಲಿ ತೇವಕ್ಕೇನು ಬರ! ಹೀಗಾಗಿ ಇಟ್ಟ ಮೇಲೆ ಸರಿಸುವ ಅವಕಾಶವೇ ಇರುವುದಿಲ್ಲ ಎಂದು ನಾನು ಹೇಳಿದೆ. ಅಕ್ಕ ಬರಿಗೈಯಲ್ಲಿ ಹಲವು ಸಲ ಅಭ್ಯಾಸ ಮಾಡಿದಳು. ಮೇಲಿನಿಂದ ನಾನು ಬ್ರಿಜ್‌ನ ತೂತಿನಲ್ಲಿ ಕಡ್ಡಿ ಇಳಿಸಿ ಜಾಗ ತೋರಿಸುವುದು, ಅವಳು ಒಳಗಿನಿಂದ ಬೆರಳಿನಲ್ಲಿ ಗುರುತು ಹಿಡಿಯುವುದು. ಬಿಲ್ಲೆಗಳು ಸ್ಯಾಡಲಿನ ಗೆರೆಯ ನೇರ ಕೆಳಗೆ ಬರಬೇಕು. ತಂತಿಯ ಗುಂಡು ಕೂರುವ ತೂತುಗಳ ಮೇಲೆ ಬರಬಾರದು. ಮೊದಲ ಬಿಲ್ಲೆ ಒತ್ತಿ ಹಿಡಿದವಳು ಮಾತಿಲ್ಲದೆ ಛಾವಣಿ ನೋಡುತ್ತ ಕೂತಿದ್ದಳು. ಕೈ ತೆಗೆದಾಗ ಬಿಲ್ಲೆ ಅಲ್ಲೇ ಇತ್ತು. ಮೂರೂ ಮುಗಿದ ಮೇಲೆ ವೈರುಗಳನ್ನು ಪುಟ್ಟ ಕ್ಲಿಪ್ಪುಗಳಲ್ಲಿ ಪಕ್ಕೆಗೆ ಕಟ್ಟಿದೆವು. ಸಡಿಲ ಬಿಟ್ಟರೆ ಒಂದೊಂದು ಸ್ವರಕ್ಕೆ ಗರಗರ ಎಂದು ಮರಕ್ಕೆ ತಾಗುತ್ತದೆ, ಆಮೇಲೆ ಆ ಸದ್ದು ಎಲ್ಲಿಂದ ಎಂದು ಹುಡುಕುವುದೇ ಒಂದು ಕೆಲಸ.

ಹೊಸ ತಂತಿ ಹಾಕಿ ನಮ್ಮ ಸಣ್ಣ ಆಂಪ್ಲಿಫಯರಿಗೆ ಸಿಕ್ಕಿಸಿದಾಗ ರಾತ್ರಿಯಾಗಿತ್ತು. ಭಾವ ನುಡಿಸುವ ಮೊದಲು ಮೇಲ್ಹಲಗೆಯನ್ನು ಬೆರಳಿನಿಂದ ತಟ್ಟಿದರು. ಬಾಕ್ಸಿನಲ್ಲಿ ‘ಧಬ್’ ಎಂದು ಮರದ ಸದ್ದು ಬಂತು. ನಕ್ಕರು. ಚಿಕ್ಕಮ್ಮ ಹೇಳಿದರು, “ಈಗ ನುಡಿಸು.”

ಆದರೆ ಮೈಕ್‌ಸೆಟ್‌ನವರ ಮಿಕ್ಸರಿಗೆ ನೇರ ಸಿಕ್ಕಿಸಿ ನೋಡಿದಾಗ ಅದೇ ಗಿಟಾರು ತೆಳ್ಳಗೆ, ತಗಡಿನಂತೆ ಕೇಳಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ಪೀಜೋದ ಸ್ವಭಾವವೇ ಅದು. ಅದು ಕೊಡುವ ವಿದ್ಯುತ್ತು ಅತಿ ಅಲ್ಪ. ಅದನ್ನು ಎಳೆದುಕೊಳ್ಳದೆ ಬರೀ ಗಮನಿಸುವಂಥ ಇನ್‌ಪುಟ್ ಬೇಕು, 1 ಮೆಗಾಓಮ್ ಅಥವಾ ಅದಕ್ಕೂ ಮೇಲೆ. ಸಾಮಾನ್ಯ ಲೈನ್ ಇನ್‌ಪುಟ್ ಅದರ ನೂರನೇ ಒಂದು ಪಾಲು, ಸುಮಾರು 10 ಕಿಲೋಓಮ್. ಅಲ್ಲಿ ಮಂದ್ರವೆಲ್ಲ ಸೋರಿ ಹೋಗುತ್ತದೆ. ನಡುವೆ ಅಂಥ ಇನ್‌ಪುಟ್ ಇರುವ ಒಂದು ಆಕ್ಟಿವ್ ಡಿಐ ಬಾಕ್ಸ್ ಇಟ್ಟ ಮೇಲೆ ತಳ ಮರಳಿ ಬಂತು. ಪಿಕಪ್‌ಗೆ ಹಣ ಹೊಂದಿಸುವವರು ಇದಕ್ಕೂ ಸೇರಿಸಿಯೇ ಲೆಕ್ಕ ಹಾಕಬೇಕು. ಇದಿಲ್ಲದಿದ್ದರೆ ಅರ್ಧ ಪಿಕಪ್ ಕೊಂಡ ಹಾಗೆಯೇ.

ಮುಂದಿನ ಗಣಪತಿಗೂ ಅದೇ ತಂಡವನ್ನು ಕರೆದರು. ಭಾವ ಸೌಂಡ್‌ಹೋಲಿಗೆ ರಬ್ಬರಿನ ಮುಚ್ಚಳ ಹಾಕಿಕೊಂಡರು, ಒಳಗಿನ ಗಾಳಿಯ ಆ 100 ಹರ್ಟ್ಸ್ ಎದ್ದು ಬರದಂತೆ. ಮಿಕ್ಸರಿನಲ್ಲಿ ನಾನೇ ನಿಂತು ತಳವನ್ನು ಸ್ವಲ್ಪ ಕಡಿಮೆ ಮಾಡಿಸಿದೆ. ಹಲಗೆಗೆ ಅಂಟಿದ ಪಿಕಪ್‌ನಲ್ಲಿ ಮಂದ್ರ ಕೊಂಚ ಉಬ್ಬುತ್ತದೆ. ನಡುವೆ ಕರೆಂಟು ಹೋಗಿ ಜನರೇಟರ್ ಹಾಕಿದರು, ಗಿಟಾರಿನಲ್ಲಿ ಗುಂಯ್ ಎನ್ನಲಿಲ್ಲ. ಎರಡನೇ ಹಾಡಿನ ಚರಣ ಮುಗಿದು ಭಾವ ಒಬ್ಬರೇ ನುಡಿಸುವ ಜಾಗ ಬಂತು. ಅವರ ಬೆರಳಿನ ಚರ್ಮ ಕಂಚಿನ ತಂತಿಯ ಮೇಲೆ ಜಾರುವ ಸಣ್ಣ ಸದ್ದು ಕೂಡ ಕೊನೆಯ ಸಾಲಿನವರೆಗೆ ಹೋಯಿತು. ಹಾಡುವವರು ತಿರುಗಿ ಅವರನ್ನು ನೋಡಿ, ಮುಂದಿನ ಚರಣ ಎತ್ತಿಕೊಳ್ಳುವ ಮೊದಲು ಇನ್ನೊಂದು ಆವರ್ತ ಬಿಟ್ಟುಕೊಟ್ಟರು. ಜಗುಲಿಯಲ್ಲಿ ಮೈಕಿಲ್ಲದೆ ಕೇಳುವ ಗಿಟಾರೇ ಅದು ಎಂದು ನಾನು ಹೇಳಲಾರೆ. ಯಾವ ಪಿಕಪ್ ಕೂಡ ಆ ಗಾಳಿಯನ್ನು ಪೂರ್ತಿ ಒಯ್ಯುವುದಿಲ್ಲ. ಆದರೆ ಕೇಳಿದ್ದು ಆ ಮರವೇ, ಬೇರೆ ಯಾವುದೂ ಅಲ್ಲ.

ಸುದ್ದಿ ಹರಡಿ ಆಮೇಲೆ ಗಿಟಾರು ಹೊತ್ತುಕೊಂಡು ಮನೆಗೆ ಬರುವವರು ಶುರುವಾದರು. ಭಾವ ಅವರ ಗಿಟಾರನ್ನು ಮುಟ್ಟುವ ಮೊದಲೇ ಕೇಳುತ್ತಾರೆ, “ಎಲ್ಲಿ ನುಡಿಸ್ತೀಯ? ಪಕ್ಕದಲ್ಲಿ ಯಾರು ಇರ್ತಾರೆ?” ಕಾಲೇಜಿನ ಒಬ್ಬ ಹುಡುಗ ಡ್ರಮ್ಮು, ಬಾಸು ಇರುವ ತಂಡದವನು, ಪ್ಲೈವುಡ್ಡಿನ ಗಿಟಾರು. ಅವನಿಗೆ ನಮ್ಮದನ್ನು ತೋರಿಸಲೇ ಇಲ್ಲ, ಸೌಂಡ್‌ಹೋಲಿಗೆ ಸಿಕ್ಕಿಸುವ ಅಯಸ್ಕಾಂತದ್ದನ್ನೇ ತೆಗೆದುಕೋ ಎಂದರು. ಆ ಗದ್ದಲದಲ್ಲಿ ಅವನಿಗೆ ಬೇಕಾದದ್ದು ತಂತಿ, ಮರವಲ್ಲ. ಅವನು ಇವತ್ತಿಗೂ ಅದರಲ್ಲೇ ಸುಖವಾಗಿದ್ದಾನೆ. ಇನ್ನೊಬ್ಬಳು ಚರ್ಚಿನಲ್ಲಿ ನುಡಿಸುವ ಹುಡುಗಿ. ಅವಳದು ನೈಲಾನ್ ತಂತಿಯ ಗಿಟಾರು, ಅಯಸ್ಕಾಂತಕ್ಕೆ ಆ ತಂತಿ ಕಾಣುವುದೇ ಇಲ್ಲ. ಅವಳಿಗೆ ಬಿಲ್ಲೆಗಳನ್ನೇ ತರಿಸಿದೆವು. ಆ ಗಿಟಾರಿಗೆ ಬೆಲ್ಟಿನ ಗುಬ್ಬಿ ಇರಲಿಲ್ಲ, ತೂತನ್ನು ಹೊಸದಾಗಿಯೇ ಕೊರೆಯಬೇಕಾಯಿತು. ಗುಡಿಗಾರರು ಉಳಿಗಳ ಸುರುಳಿ ಬಿಚ್ಚಿದರು, ಅಕ್ಕ ಬಳೆ ತೆಗೆದಿಟ್ಟಳು. ಈ ಸಲ ಭಾವ ಅಂಗಳಕ್ಕೆ ಹೋಗಲಿಲ್ಲ. ಟಾರ್ಚು ಹಿಡಿದು ಪಕ್ಕದಲ್ಲೇ ನಿಂತು, ಎಲ್ಲಿ ಕೊರೆಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟವರು ಅವರೇ.